ಅಮಾವಾಸ್ಯೆ ಬೇಡ, ಹಗಲು ಹೊತ್ತಿನಲ್ಲಿ ಹೋಗಿ

ಪ್ರಶ್ನೆ: ನಾನು ದಾವಣಗೆರೆಯವನು, 27 ವರ್ಷ, ಮೊಬೈಲ್ ರಿಪೇರಿ ಅಂಗಡಿ ಇದೆ. ನಾವು ನಾಲ್ಕು ಜನ ಗೆಳೆಯರು ಎರಡು ವರ್ಷದಿಂದ ಪಾಳು ಮನೆ, ಹಳೇ ಬಂಗಲೆ ಅಂತ ರಾತ್ರಿ ಹೋಗಿ ವಿಡಿಯೊ ಮಾಡುತ್ತೇವೆ. ಇಎಂಎಫ್ ಮೀಟರ್, ನೈಟ್ ವಿಷನ್ ಕ್ಯಾಮೆರಾ, ವಾಯ್ಸ್ ರೆಕಾರ್ಡರ್ ಎಲ್ಲ ಇವೆ. ಈಗ ಮೊದಲ ಸಲ ಜನ ವಾಸ ಇರುವ ಮನೆಯಿಂದ ಕರೆ ಬಂದಿದೆ, ಪರಿಚಯದವರೇ. ಏಳು ತಿಂಗಳ ಹಿಂದೆ ಆ ಮನೆಯ ಅಜ್ಜಿ ತೀರಿಕೊಂಡರು. ಆಮೇಲಿಂದ ರಾತ್ರಿ ಮಹಡಿಯಲ್ಲಿ ಯಾರೋ ನಡೆದ ಸದ್ದು ಬರುತ್ತದೆ. ಸ್ವಿಚ್ ಆಫ್ ಮಾಡಿದ ಮೇಲೂ ಬಾತ್‌ರೂಮಿನ ಬಲ್ಬು ಮಿಣುಕುತ್ತದೆ. ಸೊಸೆಗೆ ಬೆಳಗಿನ ಜಾವ ಎದೆ ಮೇಲೆ ಯಾರೋ ಕೂತ ಹಾಗಾಗುತ್ತದಂತೆ, ಕೂಗೋಣ ಅಂದರೆ ಬಾಯಿ ಬರುವುದಿಲ್ಲವಂತೆ. ಎಂಟನೇ ಕ್ಲಾಸಿನ ಮಗಳು ಅಜ್ಜಿಯನ್ನು ಎರಡು ಸಲ ನೋಡಿದೆ ಅನ್ನುತ್ತಾಳೆ. ಬರುವ ಅಮಾವಾಸ್ಯೆಗೆ ಬನ್ನಿ ಅಂತಿದ್ದಾರೆ. ಯಾವ ಸಲಕರಣೆ ಒಯ್ಯಬೇಕು? ಏನೂ ಸಿಗದಿದ್ದರೆ ಏನು ಹೇಳಬೇಕು, ಸಿಕ್ಕರೆ ಏನು ಹೇಳಬೇಕು? ವಿಡಿಯೊ ಹಾಕಬಹುದಾ? ಸೊಸೆಯ ಅಣ್ಣ ಮಂತ್ರವಾದಿಯನ್ನು ಕರೆಸುವ ಯೋಚನೆಯಲ್ಲಿದ್ದಾರೆ, ಅದಕ್ಕೆ ಮುಂಚೆ ಹೋಗಬೇಕು ಅಂತ ನಮಗೂ ಅವಸರ.

ಉತ್ತರ: ನೀವು ಮೊದಲು ಕೇಳಿದ್ದು ಸಲಕರಣೆ ಬಗ್ಗೆ, ಆದರೆ ನಿಮ್ಮ ನಿಜವಾದ ಚಿಂತೆ ಎರಡನೇ ಪ್ರಶ್ನೆಯಲ್ಲಿದೆ. ಆ ಮನೆಯವರಿಗೆ ಏನು ಹೇಳಬೇಕು ಅನ್ನೋದು. ಹೊರಡುವ ಮೊದಲೇ ಇದನ್ನು ಕೇಳಿದ್ದು ಒಳ್ಳೆಯದಾಯಿತು. ಎಷ್ಟೋ ಜನ ಹೋಗಿ ಬಂದ ಮೇಲೆ ಕೇಳುತ್ತಾರೆ.

ಪಾಳು ಬಂಗಲೆಯಲ್ಲಿ ನೀವು ಏನೇ ಹೇಳಿದರೂ ಕೇಳಿಸಿಕೊಳ್ಳುವವರಿಲ್ಲ. ಇಲ್ಲಿ ಹಾಗಲ್ಲ. "ಈ ಮೂಲೆಯಲ್ಲಿ ಏನೋ ಇದೆ ಅನ್ಸುತ್ತೆ" ಅಂತ ನಿಮ್ಮಲ್ಲೊಬ್ಬ ಸುಮ್ನೆ ಅಂದುಬಿಟ್ಟು ಬೈಕ್ ಹತ್ತಿ ಹೋಗುತ್ತಾನೆ. ಆ ಹುಡುಗಿ ಅದೇ ಮೂಲೆ ದಾಟಿಕೊಂಡೇ ದಿನಾ ರಾತ್ರಿ ಬಾತ್‌ರೂಮಿಗೆ ಹೋಗಬೇಕು.

ನಾನು ಓದಿದ್ದು ಎಲೆಕ್ಟ್ರಿಕಲ್, ಹೊಟ್ಟೆಪಾಡೂ ಅದೇ. ಇಂಥ ಮನೆಗಳಿಗೆ ಹೋಗಲು ಶುರು ಮಾಡಿ ಇಪ್ಪತ್ತು ವರ್ಷದ ಮೇಲಾಯಿತು. ದೆವ್ವ ಇದುವರೆಗೆ ಸಿಕ್ಕಿಲ್ಲ, ಹೆದರಿದ ಜನ ಮಾತ್ರ ಎಲ್ಲ ಮನೆಯಲ್ಲೂ ಸಿಕ್ಕಿದ್ದಾರೆ. ತಪ್ಪೂ ಮಾಡಿದ್ದೇನೆ, ಅದರಲ್ಲಿ ಒಂದನ್ನು ಮುಂದೆ ಹೇಳುತ್ತೇನೆ.

ಮೊದಲು ಅಮಾವಾಸ್ಯೆ ಬಿಡಿ. ಅವತ್ತು ಮನೆಯವರು ಏನಾದರೂ ಆಗಲಿ ಅಂತ ಕಾಯುತ್ತಾ ಕೂತಿರುತ್ತಾರೆ, ನೀವೂ ಅದನ್ನೇ ಕಾಯುತ್ತೀರಿ. ದೀಪ ಬೇರೆ ಆರಿಸಿರುತ್ತೀರಿ. ಹಾಗಿರುವಾಗ ಜಿರಳೆ ಹರಿದರೂ ಘಟನೆಯೇ. ಒಂದು ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಹೋಗಿ. ಹೋಗುವ ಒಂದು ವಾರ ಮೊದಲೇ ಅವರಿಗೊಂದು ನೋಟ್‌ಬುಕ್ ಕೊಟ್ಟು, ಸದ್ದಾದಾಗಲೆಲ್ಲ ಗಂಟೆ ಎಷ್ಟು, ಯಾವ ಕಡೆಯಿಂದ ಬಂತು, ಯಾರ್ಯಾರು ಕೇಳಿದರು, ಆಗ ಕರೆಂಟ್ ಇತ್ತಾ, ಪಂಪ್ ಓಡುತ್ತಿತ್ತಾ ಅಂತ ಬರೆದಿಡಲು ಹೇಳಿ. ನಿಮ್ಮ ಹತ್ತಿರ ಇರುವ ಎಲ್ಲ ಮೀಟರ್‌ಗಿಂತ ಆ ನೋಟ್‌ಬುಕ್ ಜಾಸ್ತಿ ಕೆಲಸ ಮಾಡುತ್ತದೆ. ಒಂದು ಮನೆಯಲ್ಲಿ ಹೆಜ್ಜೆ ಸದ್ದು ಸರಿಯಾಗಿ ದಿನ ಬಿಟ್ಟು ದಿನ, ನಸುಕಿನ ನಾಲ್ಕೂವರೆ ಆಸುಪಾಸಿನಲ್ಲಿ ಬರುತ್ತಿತ್ತು. ದೆವ್ವಕ್ಕೆ ಯಾಕಪ್ಪಾ ದಿನ ಬಿಟ್ಟು ದಿನ ಡ್ಯೂಟಿ ಅಂದೆ. ಮನೆಯ ಯಜಮಾನರು ಒಂದು ಗಳಿಗೆ ಸುಮ್ಮನಿದ್ದು, "ನಮ್ಮ ಬೀದಿಗೆ ನೀರು ಬಿಡೋದೂ ದಿನ ಬಿಟ್ಟು ದಿನಾನೇ" ಅಂದರು. ಪೈಪಿನಲ್ಲಿ ಸೇರಿಕೊಂಡ ಗಾಳಿಯನ್ನು ನೀರು ತಳ್ಳಿಕೊಂಡು ಮೇಲೇರುವಾಗ ಗೋಡೆಗೆ ಕಟ್ಟಿದ್ದ ಸಡಿಲ ಕ್ಲಾಂಪಿಗೆ ಬಡಿಯುತ್ತಿತ್ತು. ದಡ್, ದಡ್, ದಡ್, ಥೇಟು ಯಾರೋ ನಡೆದ ಹಾಗೆ.

ಇನ್ನು ಅನುಮತಿ. ಕರೆದವರು ಒಬ್ಬರು, ಆ ಮನೆಯಲ್ಲಿ ಇರುವವರು ನಾಲ್ಕೈದು ಜನ. ಎಲ್ಲರ ಒಪ್ಪಿಗೆ ಬೇಕು, ಅದರಲ್ಲೂ ಸೊಸೆಯದ್ದು. ಇಂಥ ಮನೆಗಳಲ್ಲಿ ಗಂಡಸರು ಕರೆಸುತ್ತಾರೆ, ಹೆಂಗಸರ ಮೇಲೆ ತನಿಖೆ ಆಗುತ್ತದೆ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡ, ಮೂಢನಂಬಿಕೆಗಳ ಪರೀಕ್ಷೆಗೆ ಸಮಿತಿ ಮಾಡಿದಾಗ ಸತ್ಯ ಸಾಯಿಬಾಬಾ ಅವರಿಗೆ ಪತ್ರ ಬರೆದು ಅವಕಾಶ ಕೇಳಿದ್ದರು. ಅವಕಾಶ ಸಿಗಲಿಲ್ಲ, ಆ ಪರೀಕ್ಷೆ ನಡೆಯಲಿಲ್ಲ. ಅಷ್ಟು ದೊಡ್ಡ ಸಮಿತಿಯೇ ಕೇಳಿ ಹೋಗಬೇಕು ಅಂದುಕೊಂಡಿತ್ತು. ನಾವು ಯಾವ ಲೆಕ್ಕ? ಯಾವ ರೂಮಿಗೆ ಹೋಗಬಹುದು, ಯಾವುದಕ್ಕೆ ಹೋಗಬಾರದು, ಏನು ರೆಕಾರ್ಡ್ ಮಾಡುತ್ತೀರಿ, ಆ ರೆಕಾರ್ಡ್ ಕೊನೆಗೆ ಯಾರ ಹತ್ತಿರ ಇರುತ್ತದೆ, ಎಲ್ಲ ಒಂದು ಹಾಳೆಯಲ್ಲಿ ಬರೆದು ಸಹಿ ಹಾಕಿಸಿಕೊಳ್ಳಿ. "ಸಾಕು, ಹೋಗಿ" ಅಂತ ಮನೆಯವರು ಯಾವಾಗ ಬೇಕಾದರೂ ಹೇಳಬಹುದು ಅನ್ನೋದನ್ನೂ ಬರೆಯಿರಿ. ದುಡ್ಡು ತಗೊಳ್ಳಬೇಡಿ. ತಗೊಂಡರೆ ಏನಾದರೂ ಕಂಡುಹಿಡಿಯಲೇಬೇಕು ಅನ್ನುವ ಋಣ ಬೀಳುತ್ತದೆ. ನಾಲ್ಕು ಜನ ಹುಡುಗರೇ ಹೋಗುವ ಬದಲು ಜೊತೆಗೊಬ್ಬ ಹೆಣ್ಣುಮಗಳು ಇದ್ದರೆ ಸೊಸೆ ಬಾಯಿ ಬಿಟ್ಟು ಮಾತಾಡುತ್ತಾರೆ.

ಈಗ ಅವರು ಹೇಳಿದ ಒಂದೊಂದಕ್ಕೆ ಬರೋಣ.

ಬಲ್ಬಿನದ್ದು ನನ್ನ ಕಸುಬು, ಸ್ವಲ್ಪ ಉದ್ದ ಹೇಳುತ್ತೇನೆ. ಅದು ಎಲ್‌ಇಡಿ ಬಲ್ಬೇ ಇರಬೇಕು, ನೋಡಿ. ಹಳೇ ತಂತಿ ಬಲ್ಬು ಹೊತ್ತಿಕೊಳ್ಳಲು ಗಟ್ಟಿ ಕರೆಂಟ್ ಬೇಕಿತ್ತು. ಎಲ್‌ಇಡಿಗೆ ಚೂರು ಸಿಕ್ಕರೂ ಸಾಕು, ಒಳಗಿನ ಕೆಪಾಸಿಟರ್ ಅದನ್ನು ಕೂಡಿಟ್ಟುಕೊಂಡು ಆಗಾಗ ಮಿಣುಕ್ ಅನ್ನಿಸುತ್ತದೆ. ಆ ಚೂರು ಕರೆಂಟ್ ಎಲ್ಲಿಂದ ಬರುತ್ತದೆ? ಸ್ವಿಚ್ಚಿನಲ್ಲಿ ಕೆಂಪು ಇಂಡಿಕೇಟರ್ ದೀಪ ಇದ್ದರೆ ಅದರ ಮೂಲಕ ಸೋರಬಹುದು. ಪಕ್ಕದಲ್ಲೇ ಉದ್ದಕ್ಕೆ ಓಡುವ ಬೇರೆ ವೈರಿನಿಂದಲೂ ಬರಬಹುದು. ಇಲ್ಲವೇ ವೈರಿಂಗ್ ಮಾಡಿದವನು ಸ್ವಿಚ್ಚನ್ನು ಫೇಸಿಗೆ ಹಾಕುವ ಬದಲು ನ್ಯೂಟ್ರಲ್‌ಗೆ ಹಾಕಿರುತ್ತಾನೆ. ಮೊದಲ ಎರಡು ತಮಾಷೆ, ಮೂರನೆಯದು ತಮಾಷೆಯಲ್ಲ. ಸ್ವಿಚ್ ಆಫ್ ಇದ್ದರೂ ಹೋಲ್ಡರಿನಲ್ಲಿ 230 ವೋಲ್ಟ್ ಹಾಗೇ ನಿಂತಿರುತ್ತದೆ. ಬಲ್ಬ್ ಬದಲಿಸಲು ಒದ್ದೆ ಕೈಯಲ್ಲಿ ಸ್ಟೂಲ್ ಹತ್ತಿದವರ ಗತಿ ಯೋಚಿಸಿ. ಅಜ್ಜಿಯ ಕೈವಾಡ ಅಂತ ಬಿಟ್ಟರೆ ಆ ವೈರಿಂಗ್ ಹಾಗೇ ಉಳಿಯುತ್ತದೆ. ನೀವು ಮೊಬೈಲ್ ರಿಪೇರಿಯವರು, ಐದು ವೋಲ್ಟಿನ ಧೈರ್ಯ ಇಲ್ಲಿ ತೋರಿಸಬೇಡಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆದುಕೊಂಡು ಹೋಗಿ. ಅರ್ತಿಂಗ್ ಹೇಗಿದೆ, ಮೀಟರ್ ಬೋರ್ಡಿನಲ್ಲಿ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಇದೆಯಾ, ಅದರ ಟೆಸ್ಟ್ ಬಟನ್ ಒತ್ತಿದರೆ ಟ್ರಿಪ್ ಆಗುತ್ತದಾ ಅಂತಲೂ ನೋಡಿಸಿ.

ಮಹಡಿ ಸದ್ದಿಗೆ ಪೈಪಿನ ಕಥೆ ಆಗಲೇ ಹೇಳಿದೆ. ಅದೊಂದೇ ಅಲ್ಲ. ನಿಮ್ಮೂರ ಬಿಸಿಲಿಗೆ ಆರ್‌ಸಿಸಿ ಚಾವಣಿ, ಅದರ ಮೇಲಿನ ತಗಡಿನ ಶೀಟು ಹಗಲಿಡೀ ಕಾದು ಹಿಗ್ಗುತ್ತವೆ, ರಾತ್ರಿ ತಣ್ಣಗಾಗುತ್ತಾ ಕುಗ್ಗುವಾಗ ಟಕ್ ಟಕ್ ಅನ್ನುತ್ತವೆ. ಇಲಿ, ಬೆಕ್ಕು ಇದ್ದದ್ದೇ. ಮಲೆನಾಡಿನ ಕಡೆ ಒಂದು ಹಳೇ ಮನೆಯ ಅಟ್ಟದಲ್ಲಿ ಮೂರು ತಿಂಗಳು "ಓಡಾಡುತ್ತಿದ್ದವರು" ಪುನುಗು ಬೆಕ್ಕಿನ ಸಂಸಾರ, ಮರಿಗಳ ಸಮೇತ! ಗೋಡೆಗೆ ಗೋಡೆ ಅಂಟಿದ ಮನೆಯಾದರೆ ಪಕ್ಕದ ಮನೆಯವರು ಮೆಟ್ಟಿಲು ಹತ್ತಿದ್ದು ಇಲ್ಲಿ ಕೇಳಿಸುತ್ತದೆ. ಮೇಲೆ ಹತ್ತಿ ನೋಡಿ, ಮೈದಾಹಿಟ್ಟು ತೆಳ್ಳಗೆ ಉದುರಿಸಿ ಬನ್ನಿ, ಬೆಳಿಗ್ಗೆ ಯಾರ ಕಾಲು ಮೂಡಿದೆ ಅಂತ ಮನೆಯವರೇ ನೋಡಲಿ. ನೀವು ಹೇಳಿ ನಂಬಿಸುವುದಕ್ಕಿಂತ ಅವರೇ ಕಂಡುಕೊಂಡರೆ ಭಯ ಬೇಗ ಇಳಿಯುತ್ತದೆ.

ಬಾತ್‌ರೂಮಿಗೆ ಹೋದಾಗ ಇನ್ನೊಂದು ನೋಡಿ, ಇದು ಎಲ್ಲಕ್ಕಿಂತ ಮುಖ್ಯ. ಗ್ಯಾಸ್ ಗೀಸರ್ ಇದೆಯಾ? ಅದು ಒಳಗೇ ಇದೆಯಾ? ಕಿಟಕಿ ಮುಚ್ಚಿದ್ದಾರಾ? ಗಾಳಿ ಸಾಲದೆ ಗ್ಯಾಸ್ ಉರಿದರೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಬಣ್ಣ ಇಲ್ಲ, ವಾಸನೆ ಇಲ್ಲ, ರಕ್ತದಲ್ಲಿ ಆಮ್ಲಜನಕ ಕೂರುವ ಜಾಗದಲ್ಲಿ ತಾನು ಹೋಗಿ ಕೂರುತ್ತದೆ. ತಲೆನೋವು, ವಾಂತಿ ಬರುವ ಹಾಗಾಗುವುದು, ಮಂಕು, ಜಾಸ್ತಿಯಾದರೆ ಇಲ್ಲದ್ದು ಕಾಣುವುದು, ಆಮೇಲೆ ಸಾವು. ಅಮೆರಿಕದ ಕಣ್ಣಿನ ಡಾಕ್ಟರು ವಿಲ್ಮರ್ 1921ರಲ್ಲಿ ಒಂದು ಕುಟುಂಬದ ಕಥೆ ಪ್ರಕಟಿಸಿದ್ದರು. ಹೊಸದಾಗಿ ಸೇರಿದ ಹಳೇ ಮನೆಯಲ್ಲಿ ಹೆಜ್ಜೆ ಸದ್ದು, ಹಾಸಿಗೆ ಪಕ್ಕ ನಿಂತ ಆಕೃತಿಗಳು, ಎಲ್ಲರಿಗೂ ತಲೆನೋವು, ಕುಂಡದ ಗಿಡಗಳೂ ಬಾಡಿದ್ದವು. ಕೊನೆಗೆ ನೋಡಿದರೆ ಮನೆ ಬೆಚ್ಚಗಿಡುವ ಒಲೆ ಕೆಟ್ಟು ಹೊಗೆ ಒಳಗೆ ಬರುತ್ತಿತ್ತು. ಅದಕ್ಕೇ ನಾನು ಯಾವ ಮನೆಗೆ ಹೋದರೂ ಮೊದಲು ಕೇಳುವುದು ಇಷ್ಟೇ: "ತಲೆನೋವು ಬರುತ್ತಾ? ಊರಿಗೆ ಹೋದಾಗ ಕಡಿಮೆ ಆಗುತ್ತಾ?" ಹೌದು ಅಂದರೆ ತನಿಖೆ ಅಲ್ಲಿಗೆ ನಿಲ್ಲಿಸಿ. ಗೀಸರ್ ಬಂದ್, ಕಿಟಕಿ ಬಾಗಿಲು ತೆಗೆಸಿ, ಎಲ್ಲರನ್ನೂ ಡಾಕ್ಟರ ಹತ್ತಿರ ಕಳಿಸಿ. ಕಾರ್ಬನ್ ಮಾನಾಕ್ಸೈಡ್ ಅಲಾರಂ ಆನ್‌ಲೈನಿನಲ್ಲಿ ಸಿಗುತ್ತದೆ. ಮುಂದಿನ ಸಲ ಮೀಟರ್ ತಗೊಳ್ಳುವಾಗ ಇದನ್ನು ತಗೊಳ್ಳಿ.

ಸೊಸೆಯ ಎದೆ ಮೇಲೆ ಕೂತದ್ದು. ಇದನ್ನು "ಸುಳ್ಳು" ಅಂತ ಯಾರೂ ಅನ್ನಬಾರದು, ಅವರಿಗೆ ಹಾಗೆ ಆಗಿದ್ದು ನಿಜವೇ. ನಾವು ಕನಸು ಕಾಣುವ ನಿದ್ದೆಯಲ್ಲಿ ಮಿದುಳು ಕೈಕಾಲುಗಳಿಗೆ ಹೋಗುವ ಆಜ್ಞೆಯನ್ನು ತಡೆದಿಟ್ಟಿರುತ್ತದೆ, ಇಲ್ಲದಿದ್ದರೆ ಕನಸಿನಲ್ಲಿ ಓಡಿದ್ದಕ್ಕೆ ಮಂಚದಿಂದ ಬೀಳುತ್ತಿದ್ದೆವು. ಒಮ್ಮೊಮ್ಮೆ ಎಚ್ಚರ ಮೊದಲು ಬರುತ್ತದೆ, ಆ ತಡೆ ಇನ್ನೂ ಬಿಟ್ಟಿರುವುದಿಲ್ಲ. ಕಣ್ಣು ತೆರೆದಿದೆ, ಮೈ ಅಲ್ಲಾಡುತ್ತಿಲ್ಲ, ಅರ್ಧ ಕನಸು ಕಣ್ಣೆದುರೇ ನಡೆಯುತ್ತಿದೆ. ಸಾಮಾನ್ಯವಾಗಿ ಕೆಲವು ಸೆಕೆಂಡು, ಇಲ್ಲವೇ ಒಂದೆರಡು ನಿಮಿಷ. ಇದಕ್ಕೆ ನಿದ್ರಾ ಪಾರ್ಶ್ವವಾಯು ಅನ್ನುತ್ತಾರೆ, ಹೆಸರು ಕೇಳಿ ಲಕ್ವಾ ಅಂದುಕೊಂಡು ಗಾಬರಿಯಾಗಬೇಡಿ. ನಿದ್ದೆಗೆಟ್ಟವರಿಗೆ, ಅಂಗಾತ ಮಲಗುವವರಿಗೆ, ಮನಸ್ಸಿನಲ್ಲಿ ಕೊರೆತ ಇರುವವರಿಗೆ ಜಾಸ್ತಿ. ಅತ್ತೆಗೆ ಹುಷಾರಿಲ್ಲದಾಗ ರಾತ್ರಿ ಎದ್ದು ನೋಡಿಕೊಂಡವರು ಯಾರು ಅಂತ ಮೆಲ್ಲಗೆ ಕೇಳಿ ನೋಡಿ. ನನ್ನ ಊಹೆ, ಈ ಸೊಸೆಯೇ. ಮಗ್ಗುಲಾಗಿ ಮಲಗುವುದು, ಹೊತ್ತಿಗೆ ಸರಿಯಾಗಿ ಮಲಗುವುದು, ಅಷ್ಟರಿಂದಲೇ ಎಷ್ಟೋ ಜನರಿಗೆ ಕಡಿಮೆಯಾಗುತ್ತದೆ. ಮತ್ತೆ ಮತ್ತೆ ಆಗುತ್ತಿದ್ದರೆ, ಹಗಲು ಹೊತ್ತಿನಲ್ಲೂ ತಡೆಯಲಾರದ ನಿದ್ದೆ ಬರುತ್ತಿದ್ದರೆ ಡಾಕ್ಟರಿಗೆ ತೋರಿಸಲೇಬೇಕು.

ಅಜ್ಜಿ ಕಂಡದ್ದು ಇನ್ನೂ ಮೆತ್ತಗಿನ ವಿಷಯ. ವೇಲ್ಸ್‌ನ ಡೀವಿ ರೀಸ್ ಅನ್ನುವ ಡಾಕ್ಟರು 1971ರಲ್ಲಿ ಪ್ರಕಟಿಸಿದ ಅಧ್ಯಯನಕ್ಕಾಗಿ ಗಂಡ ಅಥವಾ ಹೆಂಡತಿಯನ್ನು ಕಳೆದುಕೊಂಡ 293 ಜನರನ್ನು ಮಾತಾಡಿಸಿದಾಗ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಗೆ ತೀರಿಹೋದವರು ಹತ್ತಿರ ಇದ್ದ ಹಾಗೆ, ಕಂಡ ಹಾಗೆ, ಮಾತಾಡಿದ ಹಾಗೆ ಆಗಿತ್ತು. ಬಹುಪಾಲು ಜನ ಅದನ್ನು ಯಾರಿಗೂ ಹೇಳಿರಲಿಲ್ಲ. ಹೆಚ್ಚಿನವರಿಗೆ ಅದು ಸಮಾಧಾನವನ್ನೇ ಕೊಟ್ಟಿತ್ತು. ಅವರು ಜೋಡಿ ಕಳೆದುಕೊಂಡವರು, ಇವಳು ಮೊಮ್ಮಗಳು, ಅಷ್ಟು ವ್ಯತ್ಯಾಸ ಇದೆ. ಆದರೂ ಅಜ್ಜಿಯ ಮಗ್ಗುಲಲ್ಲಿ ಮಲಗಿ ಬೆಳೆದ ಹುಡುಗಿಗೆ ಏಳು ತಿಂಗಳಲ್ಲಿ ಎರಡು ಸಲ ಅಜ್ಜಿ ಕಂಡರೆ ನನಗೆ ಆಶ್ಚರ್ಯ ಇಲ್ಲ. ಅದನ್ನು ಭಯ ಮಾಡಿದ್ದು ದೊಡ್ಡವರು.

ಇಲ್ಲೇ ನನ್ನ ತಪ್ಪಿನ ಕಥೆ. ಶುರುವಿನ ವರ್ಷಗಳು, ಉತ್ತರ ಕರ್ನಾಟಕದ ಒಂದು ಹಳ್ಳಿ. ಮನೆ ಮೇಲೆ ಕಲ್ಲು ಬೀಳುತ್ತಿವೆ, ಒಣಹಾಕಿದ ಬಟ್ಟೆ ಸುಡುತ್ತಿವೆ, ಭಾನಾಮತಿ ಅಂತ ಊರೆಲ್ಲ ಮಾತು. ನಾವು ಮೂವರು ಹೋದೆವು. ಎರಡನೇ ದಿನಕ್ಕೆ ಮನೆಯ ಹುಡುಗಿಯೇ ಕಲ್ಲು ಎಸೆಯುವುದನ್ನು ನೋಡಿಬಿಟ್ಟೆ. ಗೆದ್ದೆ ಅಂದುಕೊಂಡು ಅಂಗಳದಲ್ಲಿ ನೆರೆದಿದ್ದ ಅಷ್ಟೂ ಜನರ ಮುಂದೆ ಹೇಳಿದೆ. ಆ ಮಗು ಅವತ್ತು ತಿಂದ ಏಟು ನನಗೆ ಈಗಲೂ ಕೇಳಿಸುತ್ತದೆ. ಅವಳನ್ನು ಶಾಲೆ ಬಿಡಿಸಿ ಮದುವೆ ಮಾತು ನಡೆಸಿದ್ದರು ಅನ್ನೋದು ನನಗೆ ಗೊತ್ತಾಗಿದ್ದು ಆಮೇಲೆ. ಕಲ್ಲು ಎಸೆದವರು ಯಾರು ಅಂತ ಹುಡುಕಿದೆ, ಯಾಕೆ ಎಸೆದಳು ಅಂತ ಕೇಳಲೇ ಇಲ್ಲ.

ಇಂಗ್ಲೆಂಡಿನಲ್ಲೂ ಹೀಗೇ ಆಗಿದೆ. 1977ರಲ್ಲಿ ಲಂಡನ್ನಿನ ಎನ್‌ಫೀಲ್ಡ್‌ನ ಒಂದು ಸಾಮಾನ್ಯ ಮನೆ, ಗಂಡನಿಂದ ಬೇರೆಯಾದ ತಾಯಿ, ನಾಲ್ಕು ಮಕ್ಕಳು. ಮನೆಯಲ್ಲಿ ದೆವ್ವದ ಕಾಟ ಅಂತ ಸುದ್ದಿಯಾಯಿತು. ಪತ್ರಿಕೆಯವರು ಬಂದರು, ಸಂಶೋಧಕರು ಒಂದು ವರ್ಷಕ್ಕೂ ಜಾಸ್ತಿ ಓಡಾಡಿದರು. 11 ವರ್ಷದ ಹುಡುಗಿ ಮೋಸ ಮಾಡುವಾಗ ಸಿಕ್ಕಿಬಿದ್ದಳು, ಕೆಲವನ್ನು ತಾವೇ ಮಾಡಿದ್ದೆವು ಅಂತ ಮಕ್ಕಳೂ ಒಪ್ಪಿಕೊಂಡರು. ಉಳಿದದ್ದು ಏನು ಅಂತ ಇವತ್ತಿಗೂ ಜಗಳ ನಡೆಯುತ್ತಿದೆ. ಆ ಹುಡುಗಿ ಮಾತ್ರ ಜೀವಮಾನವಿಡೀ "ದೆವ್ವದ ಮನೆಯವಳು" ಆಗಿ ಉಳಿದಳು.

ಅದಕ್ಕೇ ಈ ಎಂಟನೇ ಕ್ಲಾಸಿನ ಹುಡುಗಿಯನ್ನು ಒಬ್ಬಳೇ ಕೂರಿಸಿ ಪ್ರಶ್ನೆ ಕೇಳಬೇಡಿ, ರೆಕಾರ್ಡ್ ಮಾಡಬೇಡಿ, "ಅಜ್ಜಿ ಏನು ಹೇಳಿದರು" ಅಂತ ಅವಳ ಬಾಯಿಂದ ಕಥೆ ಹೊರಡಿಸಬೇಡಿ. ಅವಳದ್ದೇ ಏನೋ ಕೈ ಇದೆ ಅನ್ನಿಸಿದರೆ ತಾಯಿಗೆ ಮಾತ್ರ, ಬೇರೆ ಯಾರಿಲ್ಲದಾಗ ಹೇಳಿ. ಮನೆಯಲ್ಲಿ ಯಾರಿಂದಲೋ ತೊಂದರೆ ಇದೆ ಅನ್ನುವ ವಾಸನೆ ಬಂದರೆ ಮಕ್ಕಳ ಸಹಾಯವಾಣಿ 1098 ಇದೆ.

ನಿಮ್ಮ ಸಲಕರಣೆಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇನೆ, ಬೇಜಾರಾಗಬೇಡಿ. ಇಎಂಎಫ್ ಮೀಟರ್ ಇರುವುದು ವೈರು, ಯಂತ್ರಗಳ ಸುತ್ತಲಿನ ವಿದ್ಯುತ್ಕಾಂತ ಕ್ಷೇತ್ರ ಅಳೆಯಲು. ಫ್ರಿಜ್ ಹತ್ತಿರ, ಮೀಟರ್ ಬೋರ್ಡ್ ಹತ್ತಿರ, ನಿಮ್ಮದೇ ಜೇಬಿನ ಫೋನಿಗೆ ಸಿಗ್ನಲ್ ಬಂದಾಗ ಅದು ಹೊತ್ತಿಕೊಳ್ಳುತ್ತದೆ, ಅದರ ಕೆಲಸವೇ ಅದು. ಗೋಡೆಯೊಳಗಿನ ವೈರ್ ಹುಡುಕಲು ಉಪಯೋಗಿಸಿ, ಸಂತೋಷ. ನೈಟ್ ವಿಷನ್ನಿನಲ್ಲಿ ತೇಲುವ ಬಿಳಿ ಉಂಡೆಗಳು ಲೆನ್ಸಿನ ಮುಂದೆಯೇ ಹಾರುವ ದೂಳು, ಸೊಳ್ಳೆ. ಬಂದೂಕಿನ ಹಾಗೆ ಹಿಡಿಯುವ ಥರ್ಮಾಮೀಟರ್ ಗೋಡೆಯ ಮೇಲ್ಮೈ ಶಾಖ ಹೇಳುತ್ತದೆ, ಗಾಳಿಯದ್ದಲ್ಲ. ರೆಕಾರ್ಡರಿನ ಗೊರಗೊರದಲ್ಲಿ ಮಾತು ಕೇಳಿಸುತ್ತದೆ ಅನ್ನುವವರು ಮೊದಲು ಏನು ಕೇಳಬೇಕು ಅಂತ ಹೇಳಿಕೊಟ್ಟು ಆಮೇಲೆ ಕೇಳಿಸುತ್ತಾರೆ, ಗಮನಿಸಿದ್ದೀರಾ? ಹೇಳದೆ ಐದು ಜನರಿಗೆ ಕೇಳಿಸಿ ನೋಡಿ, ಐದು ಮಾತು ಬರುತ್ತವೆ. ಇನ್ನು ಕೆಲವರು ಇನ್‌ಫ್ರಾಸೌಂಡ್ ಅನ್ನುತ್ತಾರೆ. 1998ರಲ್ಲಿ ವಿಕ್ ಟ್ಯಾಂಡಿ ಅನ್ನುವ ಎಂಜಿನಿಯರು ತಮ್ಮ ಲ್ಯಾಬಿನಲ್ಲಿ ಕಂಡ ಬೂದು ಆಕೃತಿಗೆ ಒಂದು ಫ್ಯಾನಿನಿಂದ ಬರುತ್ತಿದ್ದ ಸುಮಾರು 19 ಹರ್ಟ್ಸ್‌ನ, ಕಿವಿಗೆ ಕೇಳದ ಕಂಪನ ಕಾರಣ ಇರಬಹುದು ಅಂತ ಬರೆದರು. ಸ್ವಾರಸ್ಯದ ವಿಷಯವೇ. ಆದರೆ ಅಳೆಯದೆ ಎಲ್ಲದಕ್ಕೂ ಅದನ್ನೇ ಕಾರಣ ಮಾಡಿದರೆ ಅದು ಓದಿದವರ ದೆವ್ವ, ಅಷ್ಟೇ.

ಒಯ್ಯಬೇಕಾದದ್ದು ಟೆಸ್ಟರ್, ಟಾರ್ಚ್, ಏಣಿ, ಟೇಪು, ಆ ನೋಟ್‌ಬುಕ್.

ಏನು ಹೇಳಬೇಕು ಅನ್ನೋದಕ್ಕೆ ಈಗ ಬರುತ್ತೇನೆ. ಕಂಡದ್ದನ್ನು ಕಂಡಷ್ಟೇ ಹೇಳಿ. "ಬಲ್ಬಿಗೆ ಇದು ಕಾರಣ, ಸರಿ ಮಾಡಿಸಿ. ನಾಲ್ಕು ಸದ್ದಿನಲ್ಲಿ ಮೂರಕ್ಕೆ ಕಾರಣ ಸಿಕ್ಕಿತು, ಒಂದಕ್ಕೆ ಸಿಗಲಿಲ್ಲ." ಸಿಗದ ಒಂದನ್ನು ಸಿಗಲಿಲ್ಲ ಅಂತಲೇ ಬಿಡಿ. "ಹಾಗಾದರೆ ಅದು ಅಜ್ಜಿಯೇ?" ಅಂತ ಕೇಳುತ್ತಾರೆ, ಖಂಡಿತ ಕೇಳುತ್ತಾರೆ. "ಕಾರಣ ಗೊತ್ತಾಗಲಿಲ್ಲ ಅಂದರೆ ಅಷ್ಟೇ ಅರ್ಥ" ಅನ್ನಿ. ಮನೆಯವರನ್ನು ನೋಡಿ ನಗಬೇಡಿ, ಮೂಢನಂಬಿಕೆ ಅಂತ ಪಾಠ ಮಾಡಬೇಡಿ. ಪಾಠ ಮಾಡಿದ ದಿನ ಸಂಜೆಯೇ ಅವರು ಮಂತ್ರವಾದಿಗೆ ಫೋನ್ ಮಾಡುತ್ತಾರೆ, ಇದು ಅನುಭವದ ಮಾತು.

ಅವರ ಮುಂದೆ ಇರುವ ದಾರಿಗಳೂ ಕೆಲವೇ. ಪೂಜೆ, ಹೋಮ, ಅಜ್ಜಿ ಹೆಸರಲ್ಲಿ ಎಡೆ ಇಡುವುದು ಅವರ ಮನಸ್ಸಿಗೆ ಬೇಕಿದ್ದರೆ ಮಾಡಿಕೊಳ್ಳಲಿ, ಅಡ್ಡ ಬರಬೇಡಿ. ಕೈಮೀರಿ ಸಾಲ ಮಾಡಬೇಡಿ, ವೈರಿಂಗ್ ರಿಪೇರಿಯನ್ನು ಅದಕ್ಕಾಗಿ ಮುಂದೂಡಬೇಡಿ ಅಂತಷ್ಟೇ ಹೇಳಿ. ಮನೆ ಮಾರಿಬಿಡುತ್ತೇವೆ ಅಂದರೆ ಒಂದು ವರ್ಷ ಕಾಯಿರಿ ಅನ್ನಿ, ಹೆದರಿ ಮಾರಿದ ಮನೆಗೆ ಬೆಲೆ ಹುಟ್ಟುವುದಿಲ್ಲ. ಸೊಸೆಗೆ ನಿದ್ದೆ, ಊಟ ಎರಡೂ ಕೆಟ್ಟಿದ್ದರೆ, ಅಥವಾ ಯಾರಾದರೂ ಬದುಕು ಬೇಡ ಅನ್ನುವ ಮಾತಾಡಿದರೆ ಅವತ್ತೇ ಡಾಕ್ಟರು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಯಾವ ಹೊತ್ತಿನಲ್ಲಾದರೂ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಮಂತ್ರವಾದಿ ವಿಷಯದಲ್ಲಿ ಮಾತ್ರ ನಾನು ಗಟ್ಟಿ. ತಾಯತ ಕಟ್ಟಿ ಹೋಗುವವನು ಬೇರೆ, "ಹೆಂಗಸಿನ ಮೈಮೇಲೆ ಬಂದಿದೆ, ಬಿಡಿಸುತ್ತೇನೆ" ಅನ್ನುವವನು ಬೇರೆ. ದೆವ್ವ ಬಿಡಿಸುವ ಹೆಸರಲ್ಲಿ ಕಟ್ಟಿಹಾಕುವುದು, ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ನಮ್ಮ ರಾಜ್ಯದಲ್ಲಿ ಅಪರಾಧ. ವಾಮಾಚಾರ ತಡೆಗೆ 2017ರಲ್ಲಿ ಮಾಡಿದ ಕಾನೂನು 2020ರ ಜನವರಿಯಿಂದ ಜಾರಿಯಲ್ಲಿದೆ. ಅಂಥದ್ದು ನಡೆಯುವ ಲಕ್ಷಣ ಕಂಡರೆ 112ಕ್ಕೆ ಫೋನ್ ಮಾಡಲು ಹಿಂದೆ ಮುಂದೆ ನೋಡಬೇಡಿ, ಪರಿಚಯದವರು ಅನ್ನುವ ದಾಕ್ಷಿಣ್ಯ ಬೇಡ.

ವಿಡಿಯೊ ಹಾಕಬೇಡಿ. ಮುಖ ಮಸುಕು ಮಾಡುತ್ತೇವೆ ಅನ್ನುತ್ತೀರಿ, ಗೊತ್ತು. ಗೇಟಿನ ಬಣ್ಣ, ಎದುರಿನ ಕಂಬ, ನೆಲದ ಟೈಲ್ಸ್ ನೋಡಿ ಊರವರು ಹತ್ತು ನಿಮಿಷದಲ್ಲಿ ಮನೆ ಹೇಳುತ್ತಾರೆ. ಆಮೇಲೆ ಬಾಡಿಗೆಗೆ ಜನ ಬರುವುದಿಲ್ಲ, ಶಾಲೆಯಲ್ಲಿ ಆ ಹುಡುಗಿಗೆ ಅಡ್ಡಹೆಸರು ಬೀಳುತ್ತದೆ. ಚಾನೆಲ್ಲಿಗೆ ಪಾಳು ಬಂಗಲೆಗಳು ಇವೆಯಲ್ಲ, ಅದರ ಮಾಲೀಕರನ್ನು ಕೇಳಿಕೊಂಡು ಮಾಡಿ.

ಅವಸರದ ಬಗ್ಗೆ ಕೇಳಿದ್ದಿರಿ. ಸೊಸೆಯ ಅಣ್ಣನಿಗಿಂತ ಮುಂಚೆ ಹೋಗುವ ಪೈಪೋಟಿ ಬೇಡ. ಅವರಿಗೂ ತಂಗಿಯ ಚಿಂತೆಯೇ ಅಲ್ವಾ? ಆ ಭಾನುವಾರ ಅವರನ್ನೂ ಬರಹೇಳಿ. ಮಹಡಿ ಹತ್ತುವಾಗ ಕೆಳಗೆ ಏಣಿ ಹಿಡಿದುಕೊಳ್ಳಲು ಒಬ್ಬರು ಬೇಕೇ ಬೇಕು.